ಸುತ್ತಲೂ ಸುಲಿದ ಮತ್ತಿಮರ



ತಪಸ್ಸುಕಾಲದ ಎರಡನೆಯ ವಾರದ ಗುರುವಾರದಂದು ಧರ್ಮಸಭೆಯು ಬಲಿಪೂಜೆಯ ವಾಚನಗಳಲ್ಲಿ ನಮ್ಮ ಕಣ್ಣ ಮುಂದೆ ಎರಡು ಗಿಡಗಳನ್ನು ತಂದು ನಿಲ್ಲಿಸುತ್ತದೆ. ಪ್ರವಾದಿ ಯೆರೆಮೀಯನ ಗ್ರಂಥದ 17ನೆಯ ಅಧ್ಯಾಯದಲ್ಲಿ ಅವೆರಡೂ ಅಕ್ಕಪಕ್ಕದಲ್ಲಿ ಬರುತ್ತವೆ. ಮೊದಲನೆಯದು ಬೆಂಗಾಡಿನ ಕುರುಚಲು ಗಿಡ. ದೇವರನ್ನು ಬಿಟ್ಟು ಬರೀ ಮನುಷ್ಯಬಲವನ್ನೇ ನೆಚ್ಚಿಕೊಂಡವನ ಬಾಳು ಅದರಂತೆ ಎನ್ನುತ್ತಾನೆ ಪ್ರವಾದಿ. ಎರಡನೆಯದು ನೀರಿನ ಬದಿಯಲ್ಲಿ ನೆಟ್ಟ ಮರ. ಅದು ಹೊಳೆಯ ಕಡೆಗೆ ಬೇರು ಚಾಚಿಕೊಂಡಿದೆ. ಬಿಸಿಲು ಬಂದರೆ ಅದಕ್ಕೆ ಭಯವಿಲ್ಲ, ಮಳೆ ತಪ್ಪಿದ ವರ್ಷದಲ್ಲಿ ಚಿಂತೆಯಿಲ್ಲ, ಫಲ ಕೊಡುವುದನ್ನು ಅದು ನಿಲ್ಲಿಸುವುದೂ ಇಲ್ಲ. ದೇವರಲ್ಲಿ ಭರವಸೆಯಿಟ್ಟವನು ಈ ಮರದಂತೆ. ಅಂದಿನ ಕೀರ್ತನೆಯೂ ಇದೇ ಮರವನ್ನು ಕುರಿತದ್ದು. ಅದು 150 ಕೀರ್ತನೆಗಳಲ್ಲಿ ಮೊಟ್ಟಮೊದಲನೆಯದು.

ಪ್ರವಾದಿ ಕಂಡ ಮರ ಯಾವ ಜಾತಿಯದೋ, ಅವನು ಹೆಸರಿಸಿಲ್ಲ. ಹೆಸರಿಸದೇ ಇದ್ದುದೂ ಒಳ್ಳೆಯದೇ ಆಯಿತು. ಪ್ರತಿಯೊಂದು ನಾಡಿನವರೂ ತಮ್ಮ ತಮ್ಮ ಹೊಳೆಯ ದಡದ ಮರವನ್ನು ಅಲ್ಲಿ ನಿಲ್ಲಿಸಿಕೊಂಡು ದೇವರ ಮಾತನ್ನು ಕೇಳಬಹುದು. ಕಾವೇರಿಯ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ವಾಚನವನ್ನು ಓದುವಾಗಲೆಲ್ಲ ಒಂದೇ ಮರ ನೆನಪಾಗುತ್ತದೆ. ಅದು ಹೊಳೆಮತ್ತಿ.

ಹೊಳೆಯ ದಡದ ಒಕ್ಕಲು

ನಮ್ಮ ಜನ ಈ ಮರಕ್ಕೆ ಇಟ್ಟ ಹೆಸರುಗಳನ್ನೇ ನೋಡಿ: ಹೊಳೆಮತ್ತಿ, ತೊರೆಮತ್ತಿ, ನೀರುಮತ್ತಿ. ಎಲ್ಲ ಹೆಸರಿನಲ್ಲೂ ನೀರೇ ಇದೆ. ತೊಗಟೆಯ ಬಣ್ಣ ನೋಡಿ ಬಿಳಿಮತ್ತಿ ಎಂದೂ ಕರೆಯುತ್ತಾರೆ. ಸಂಸ್ಕೃತದಲ್ಲಿ ಇದರ ಹೆಸರು ಅರ್ಜುನ. ಆ ಪದಕ್ಕೂ ಬಿಳುಪು, ಹೊಳಪು ಎಂದೇ ಅರ್ಥ. ಇದರ ದಾಯಾದಿಯಾದ ಕರಿಮತ್ತಿ ಕಾಡಿನ ಒಣನೆಲದಲ್ಲಿ ನಿಲ್ಲುತ್ತದೆ. ಅದರ ತೊಗಟೆ ಮೊಸಳೆಯ ಬೆನ್ನಿನಂತೆ ಒಡೆದು ಒರಟಾಗಿರುತ್ತದೆ. ಹೊಳೆಮತ್ತಿಯದು ಹಾಗಲ್ಲ. ಅದು ನುಣುಪಾದ, ಬೂದುಬಿಳುಪಿನ ತೊಗಟೆ. ಆಗಾಗ ಹಾಳೆಹಾಳೆಯಾಗಿ ಕಳಚಿಬಿದ್ದು ಒಳಗಿನ ತಿಳಿಗೆಂಪು ಮೈ ಕಾಣಿಸುತ್ತದೆ.

ರಂಗನತಿಟ್ಟಿನ ನಡುಗಡ್ಡೆಗಳಿಗೆ ಹೋದವರು, ಮುತ್ತತ್ತಿ, ಭೀಮೇಶ್ವರಿಗಳಲ್ಲಿ ಕಾವೇರಿಗೆ ಇಳಿದವರು ಇದನ್ನು ನೋಡಿಯೇ ಇರುತ್ತೀರಿ. ಹೆಸರು ಗೊತ್ತಿಲ್ಲದೆ ಇದರ ನೆರಳಿನಲ್ಲಿ ಬುತ್ತಿ ಬಿಚ್ಚಿಯೂ ಇರುತ್ತೀರಿ. ಅರವತ್ತು ಎಂಬತ್ತು ಅಡಿ ಎತ್ತರಕ್ಕೆ ಬೆಳೆಯುವ ಮರ. ಬುಡದಲ್ಲಿ ಗೋಡೆಗೆ ಆಸರೆ ಕೊಟ್ಟಂತೆ ಹರಡಿಕೊಂಡ ದಪ್ಪ ಬೇರುಗಳು. ರೆಂಬೆಗಳು ನೀರಿನ ಮೇಲೆ ಬಾಗಿರುತ್ತವೆ. ಬೇಸಿಗೆಯಲ್ಲಿ ತಿಳಿಹಳದಿಯ ಸಣ್ಣ ಸಣ್ಣ ಹೂಗಳು ತೆನೆಯ ಹಾಗೆ ಬಿಡುತ್ತವೆ. ಕಾಯಿಗೆ ಉದ್ದುದ್ದಕ್ಕೆ ಐದು ರೆಕ್ಕೆ. ಅದು ಗಾಳಿಗೂ ಹಾರುತ್ತದೆ, ನೀರಿಗೆ ಬಿದ್ದರೆ ತೇಲಿಕೊಂಡೂ ಹೋಗುತ್ತದೆ.

ಈ ಮರ ಒಂಟಿಯಾಗಿ ಬಾಳುವುದಿಲ್ಲ. ಹೊಂಗೆ, ನೇರಳೆ, ಅತ್ತಿಗಳೊಡನೆ ಸೇರಿ ಹೊಳೆಯ ಎರಡೂ ಬದಿಗೆ ಹಸಿರು ಪಟ್ಟಿಯಂತೆ ನಿಲ್ಲುತ್ತದೆ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದಲ್ಲಿ ಬೂದುಬಣ್ಣದ ಒಂದು ದೊಡ್ಡ ಅಳಿಲು ಇದೆ. ನಮ್ಮ ದೇಶದ ದಕ್ಷಿಣ ಭಾಗ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಪ್ರಾಣಿ ಅದು. ಈ ಅಳಿಲು ಹೆಚ್ಚಾಗಿ ಹೊಳೆಮತ್ತಿಯ ತುದಿಯಲ್ಲೇ ಗೂಡು ಕಟ್ಟುತ್ತದೆ. ರೆಂಬೆಗೆ ರೆಂಬೆ ತಾಗಿರುವಲ್ಲಿ ಮಾತ್ರ ಅದು ನೆಲಕ್ಕಿಳಿಯದೆ ಮರದಿಂದ ಮರಕ್ಕೆ ದಾಟಬಲ್ಲದು. ಎಲೆಯನ್ನು ತಿಂದು ಟಸರ್ ರೇಷ್ಮೆಯ ಹುಳು ಗೂಡು ನೇಯುತ್ತದೆ. ತೊಗಟೆಯನ್ನು ಎದೆಯ ಬೇನೆಗೆ ಮದ್ದೆಂದು ಆಯುರ್ವೇದದವರು ಶತಮಾನಗಳಿಂದ ಬಳಸುತ್ತ ಬಂದಿದ್ದಾರೆ. ಬೇರು ದಡದ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಹೀಗೆ ಎಲೆಯಿಂದ ಒಬ್ಬರಿಗೆ, ತೊಗಟೆಯಿಂದ ಒಬ್ಬರಿಗೆ, ನೆರಳಿನಿಂದ ಒಬ್ಬರಿಗೆ, ಬೇರಿನಿಂದ ಇಡೀ ಊರಿಗೆ ಕೊಡುತ್ತಲೇ ಇರುವ ಮರ ಇದು.

ಪ್ರವಾದಿಯ ಮಾತನ್ನು ಇನ್ನೊಮ್ಮೆ ಗಮನಿಸಿ. ನೀರಿನ ಬದಿಯ ಮರಕ್ಕೆ ಬಿಸಿಲು ತಾಗುವುದೇ ಇಲ್ಲವೆಂದು ಅವನು ಹೇಳಲಿಲ್ಲ. ಬಿಸಿಲು ಬರುತ್ತದೆ, ಬರಗಾಲವೂ ಬರುತ್ತದೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜಾರಿಬಿದ್ದು ಕಾವೇರಿ ಉಕ್ಕಿ ಹರಿದಳು. 2023ರಲ್ಲಿ ಮುಂಗಾರು ಕೈಕೊಟ್ಟು ಅದೇ ಕಾವೇರಿಯ ಬಂಡೆಗಳು ಬಿಸಿಲಿಗೆ ಬಿದ್ದವು. ಅತಿ ನೀರನ್ನೂ ಕಂಡು, ನೀರಿಲ್ಲದ ಕಾಲವನ್ನೂ ಕಂಡು ಹೊಳೆಮತ್ತಿ ನಿಂತಿರುತ್ತದೆ. ಬೇಸಿಗೆಯ ಮೊದಲಲ್ಲಿ ಹಳೆಯ ಎಲೆಗಳನ್ನು ಉದುರಿಸಿ, ಸ್ವಲ್ಪ ದಿನ ಬಡವಾಗಿ ಕಂಡು, ಮತ್ತೆ ಚಿಗುರುತ್ತದೆ. ವಿಶ್ವಾಸಿಯ ಬಾಳೂ ಹೀಗೆಯೇ ಅಲ್ಲವೇ? ದೇವರನ್ನು ನಂಬಿದವರ ಮನೆಗೆ ಕಾಯಿಲೆ ಬರುವುದಿಲ್ಲವೆಂದಲ್ಲ, ಸಾಲ ಬರುವುದಿಲ್ಲವೆಂದಲ್ಲ. ಬಂದಾಗ ಕುಡಿಯಲು ನೀರೆಲ್ಲಿದೆ ಎಂಬುದು ಅವರ ಬೇರಿಗೆ ಗೊತ್ತಿರುತ್ತದೆ, ಅಷ್ಟೇ.

ನಾನು ಮಾಡಿದ ತಪ್ಪು

ಇಷ್ಟು ಹೇಳಿದ ಮೇಲೆ, ಈ ಮರದ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ತಪಸ್ಸುಕಾಲ ಅದಕ್ಕೆ ತಕ್ಕ ಕಾಲ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನಾನಾಗ ಹೊಸದಾಗಿ ಗುರುದೀಕ್ಷೆ ಪಡೆದು ಹೊಳೆಯ ಹತ್ತಿರದ ಒಂದು ಹಳ್ಳಿಯ ಧರ್ಮಕೇಂದ್ರಕ್ಕೆ ಬಂದಿದ್ದೆ. ದೇವಾಲಯದ ಜಮೀನು ಹಿಂಭಾಗದಲ್ಲಿ ಹೊಳೆಯವರೆಗೂ ಇತ್ತು. ದಡದ ಅಂಚಿನಲ್ಲಿ ಒಂದು ಭಾರಿ ಹೊಳೆಮತ್ತಿ. ಇಬ್ಬರು ಕೈ ಕೈ ಹಿಡಿದು ತಬ್ಬಿದರೂ ಸಾಲದಷ್ಟು ದಪ್ಪ. ಉಪದೇಶಕ್ಕೆ ಬರುವ ಮಕ್ಕಳನ್ನು ನಾನು ಅದರ ಕೆಳಗೇ ಕೂರಿಸುತ್ತಿದ್ದೆ.

ಊರಿನಲ್ಲಿ ಒಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಪಟ್ಟಣದ ವೈದ್ಯರ ಮಾತ್ರೆಯ ಜೊತೆಗೆ ಅವರು ಮತ್ತಿತೊಗಟೆಯನ್ನು ಹಾಲಿನಲ್ಲಿ ಕುದಿಸಿ ಕುಡಿದರು. ಹುಷಾರಾದರು. ಮಾತ್ರೆಯಿಂದಲೋ ತೊಗಟೆಯಿಂದಲೋ ದೇವರಿಗೇ ಗೊತ್ತು. ಊರಿನವರು ಮಾತ್ರ ತೊಗಟೆಯೆಂದೇ ನಂಬಿದರು. (ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ: ಯಾವ ಕಷಾಯವನ್ನು ನಂಬಿಯೂ ವೈದ್ಯರು ಕೊಟ್ಟ ಎದೆಯ ಮಾತ್ರೆಯನ್ನು ನಿಲ್ಲಿಸಬೇಡಿ. ಕಷಾಯ ಕುಡಿಯುವುದಿದ್ದರೂ ಅವರನ್ನು ಕೇಳಿಯೇ ಕುಡಿಯಿರಿ.) ಒಬ್ಬೊಬ್ಬರಾಗಿ ಗುರುಮನೆಗೆ ಬಂದು ತೊಗಟೆ ಕೇಳತೊಡಗಿದರು. ನನಗೋ ಸಂತೋಷ. ಒಂದು ಭಾನುವಾರ ಪ್ರಬೋಧನೆಯಲ್ಲೇ ಹೇಳಿಬಿಟ್ಟೆ: "ದೇವರು ಕೊಟ್ಟ ಮರ, ದೇವಾಲಯದ ಮರ. ಬೇಕಾದವರು ಕೇಳದೆಯೇ ತೆಗೆದುಕೊಳ್ಳಿ." ನನ್ನ ಔದಾರ್ಯಕ್ಕೆ ನಾನೇ ಮೆಚ್ಚಿಕೊಂಡೆ. ಆ ಔದಾರ್ಯದಲ್ಲಿ ನನ್ನ ಕೈಯಿಂದ ಹೋದದ್ದು ಏನೂ ಇರಲಿಲ್ಲ, ಎಲ್ಲವನ್ನೂ ಕೊಟ್ಟದ್ದು ಮರ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಚ್ಚು ತಂದವರು, ಕುಡುಗೋಲು ತಂದವರು ಎಲ್ಲರೂ ಸೇರಿ ಆಳೆತ್ತರದವರೆಗೂ ಸುತ್ತಲೂ ಸುಲಿದುಬಿಟ್ಟಿದ್ದರು. ಯಾರೊಬ್ಬರೂ ಹೆಚ್ಚು ತೆಗೆಯಲಿಲ್ಲ. ಒಬ್ಬೊಬ್ಬರು ಒಂದು ಅಂಗೈಯಗಲ. ಆದರೆ ಎಲ್ಲರ ಅಂಗೈ ಕೂಡಿದಾಗ ಮರದ ಸುತ್ತಲೂ ಒಂದು ಬೆರಳಿನಷ್ಟು ತೊಗಟೆಯೂ ಉಳಿದಿರಲಿಲ್ಲ.

ಮಾರನೆಯ ಬೇಸಿಗೆಯಲ್ಲಿ ಮರ ಎಂದಿನಂತೆ ಚಿಗುರಿತು. ಹೂವನ್ನೂ ಬಿಟ್ಟಿತು. "ನೋಡಿ, ಏನೂ ಆಗಿಲ್ಲ. ಕೊಟ್ಟವರಿಗೆ ದೇವರು ಮತ್ತೆ ಕೊಡುತ್ತಾನೆ" ಎಂದು ನಾನು ಹೇಳಿಕೊಂಡು ತಿರುಗಿದೆ. ಹರಿಗೋಲು ಹಾಕುತ್ತಿದ್ದ ಒಬ್ಬ ಅಜ್ಜ ಇದ್ದ. ನಮ್ಮ ಧರ್ಮದವನಲ್ಲ, ಓದು ಬರಹ ಬಂದವನೂ ಅಲ್ಲ. ಒಂದು ಸಂಜೆ ಅವನು ಮರದ ಬುಡವನ್ನು ಒಮ್ಮೆ ಸುತ್ತಿ ಬಂದು, ಮೇಲಿನ ಹಸಿರನ್ನು ನೋಡಿ, ನಿಧಾನವಾಗಿ ಹೇಳಿದ: "ಮರ ಸತ್ತೋಗದೆ ಸ್ವಾಮಿ. ಅದ್ಕೇ ಇನ್ನೂ ಗೊತ್ತಾಗಿಲ್ಲ, ಅಷ್ಟೆ."

ನಾನು ನಕ್ಕುಬಿಟ್ಟೆ. ಅದರ ಮುಂದಿನ ವರ್ಷ ಎಲೆ ಉದುರಿಸಿದ ಮರ ಮತ್ತೆ ಚಿಗುರಲೇ ಇಲ್ಲ.

ಅಜ್ಜನ ಮಾತಿನ ಒಳಗುಟ್ಟು ಏನೆಂದು ಆಮೇಲೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಒಬ್ಬ ಗೆಳೆಯರು ತಿಳಿಸಿಕೊಟ್ಟರು. ಬೇರು ಹೀರಿದ ನೀರು ಮರದ ಒಳಗಿನ ಕಟ್ಟಿಗೆಯ ಮೂಲಕ ಮೇಲೇರುತ್ತದೆ. ಎಲೆಗಳು ಬಿಸಿಲಿನಲ್ಲಿ ಅಡುಗೆ ಮಾಡಿದ ಆಹಾರ ಒಳತೊಗಟೆಯ ಮೂಲಕ ಕೆಳಗಿಳಿದು ಬೇರಿಗೆ ಸೇರುತ್ತದೆ. ಸುತ್ತಲೂ ತೊಗಟೆ ಸುಲಿದರೆ ಮೇಲೇರುವ ನೀರು ನಿಲ್ಲುವುದಿಲ್ಲ, ಆದ್ದರಿಂದ ಎಲೆ ಹಸಿರಾಗಿಯೇ ಇರುತ್ತದೆ. ಆದರೆ ಕೆಳಗಿಳಿಯುವ ಊಟ ನಿಂತುಹೋಗುತ್ತದೆ. ಬೇರು ತನ್ನಲ್ಲಿ ಕೂಡಿಟ್ಟುಕೊಂಡದ್ದನ್ನು ತಿಂದುಕೊಂಡು ಒಂದೆರಡು ವರ್ಷ ನೀರನ್ನು ಮೇಲಕ್ಕೆ ಕಳಿಸುತ್ತಲೇ ಇರುತ್ತದೆ. ಅದು ಮುಗಿದ ದಿನ ಮರವೂ ಮುಗಿಯುತ್ತದೆ. ಮೇಲೆ ಹಸಿರು, ಕೆಳಗೆ ಉಪವಾಸ. ನೋಡುವವರಿಗೆ ಹಸಿರು ಮಾತ್ರ ಕಾಣುತ್ತದೆ.

ಹಾಗಾದರೆ ತೊಗಟೆಯನ್ನು ತೆಗೆಯಲೇಬಾರದೇ? ತೆಗೆಯಬಹುದು. ಒಂದು ಬದಿಯಲ್ಲಿ, ಸ್ವಲ್ಪ, ಹೊರಪದರವನ್ನಷ್ಟೇ, ಒಳಗಿನ ಪದರಕ್ಕೆ ಗಾಯವಾಗದಂತೆ ತೆಗೆದು, ಆಮೇಲೆ ಆ ಭಾಗವನ್ನು ಮುಟ್ಟದೆ ಬಿಟ್ಟರೆ ಹೊಳೆಮತ್ತಿ ಮತ್ತೆ ತೊಗಟೆ ಬೆಳೆಸಿಕೊಳ್ಳುತ್ತದೆ. ಕೊಡುವುದು ಅದರ ಗುಣ. ಆದರೆ ಕೊಟ್ಟ ಮೇಲೆ ಮೈ ಕೂಡಿಕೊಳ್ಳಲು ಅದಕ್ಕೆ ಕಾಲ ಬೇಕು. ಆ ಕಾಲವನ್ನು ನಾವು ಕೊಡಲಿಲ್ಲ.

ಮನೆಯೊಳಗಿನ ಮತ್ತಿಮರ

ಪ್ರಿಯರೇ, ಇದು ಬರೀ ಮರದ ಕಥೆಯಾಗಿದ್ದರೆ ಈ ಪುಟದಲ್ಲಿ ಬರೆಯುತ್ತಿರಲಿಲ್ಲ.

ಅದೇ ಧರ್ಮಕೇಂದ್ರದಲ್ಲಿ ಒಬ್ಬ ತಾಯಿ ಇದ್ದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಲೆ ಹಚ್ಚಿ, ಹಸು ಕರೆದು, ಮಕ್ಕಳನ್ನು ಶಾಲೆಗೆ ಕಳಿಸಿ, ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿ, ಗಂಡನ ಜೊತೆ ಗದ್ದೆಗೆ ಹೋಗಿ ಬರುವರು. ಇದರ ಮೇಲೆ ಬಲಿಪೀಠದ ವಸ್ತ್ರಗಳನ್ನು ಒಗೆಯುವುದು ಅವರೇ, ಹೂವು ಕಟ್ಟುವುದು ಅವರೇ, ಊರಿನಲ್ಲಿ ಯಾರು ಸತ್ತರೂ ಮೊದಲು ಹೋಗಿ ಜಪಸರ ಹೇಳಿಸುವುದು ಅವರೇ. ಯಾವ ಕೆಲಸಕ್ಕೂ ಇಲ್ಲವೆಂದವರಲ್ಲ. ಇಲ್ಲವೆನ್ನದವರ ಬಳಿಗೇ ಅಲ್ಲವೇ ಎಲ್ಲರೂ ಹೋಗುವುದು? ನಾನೂ ಹೋದೆ. ಹಬ್ಬದ ಊಟದ ಉಸ್ತುವಾರಿಯನ್ನು ಅವರಿಗೇ ವಹಿಸಿದೆ, ಮಹಿಳಾ ಸಂಘದ ಲೆಕ್ಕವನ್ನೂ ಅವರ ತಲೆಗೇ ಕಟ್ಟಿದೆ.

ಒಂದು ದಿನ ಅವರು ಗದ್ದೆಯ ಬದುವಿನ ಮೇಲೆ ಕುಸಿದುಬಿದ್ದರು. ಆಸ್ಪತ್ರೆಯ ವರಾಂಡದಲ್ಲಿ ಅವರ ಗಂಡ ದಿಕ್ಕುತೋಚದೆ ನಿಂತಿದ್ದ. "ನಿನ್ನೆವರೆಗೂ ಚೆನ್ನಾಗಿದ್ದಳು ಫಾದರ್, ನಗ್ತಾ ಇದ್ದಳು" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನು ಕಂಡದ್ದು ಹಸಿರನ್ನೇ. ರಕ್ತ ತೀರಾ ಕಡಿಮೆಯಾಗಿದೆ, ಎಷ್ಟೋ ತಿಂಗಳಿಂದ ಹೊಟ್ಟೆತುಂಬ ತಿಂದಿಲ್ಲ, ಸರಿಯಾಗಿ ಮಲಗಿಲ್ಲ ಎಂದರು ವೈದ್ಯರು. ಅಕ್ಕಿ, ರಾಗಿ, ಹಾಲು ಎಲ್ಲ ಇದ್ದ ಮನೆ ಅದು! ಆ ತಾಯಿಗೆ ಪರಮಪ್ರಸಾದ ಕೊಡಲು ಹೋದಾಗ ಅವರು ಮೆಲ್ಲಗೆ ಹೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ: "ಊಟ ಆಯ್ತಾ ಅಂತ ಎಲ್ರನ್ನೂ ನಾನು ಕೇಳ್ತೀನಿ ಫಾದರ್. ನನ್ನ ಯಾರೂ ಕೇಳಲ್ಲ."

ಅದನ್ನು ಅವರು ದೂರು ಹೇಳುವ ಧ್ವನಿಯಲ್ಲಿ ಹೇಳಲಿಲ್ಲ. ಸುಮ್ಮನೆ, ಮಳೆ ಬಂದಿಲ್ಲ ಎನ್ನುವ ಹಾಗೆ ಹೇಳಿದರು. ಹೊರಗೆ ಬಂದ ನನ್ನ ಕಣ್ಣ ಮುಂದೆ ಆ ಮತ್ತಿಮರ ಬಂದು ನಿಂತಿತು. ಯಾರೊಬ್ಬರೂ ಹೆಚ್ಚು ತೆಗೆದಿರಲಿಲ್ಲ. ಗಂಡ ಒಂದು ಅಂಗೈಯಗಲ, ಮಕ್ಕಳು ಒಂದೊಂದು ಅಂಗೈಯಗಲ, ಅತ್ತೆ, ನೆರೆಹೊರೆ, ಸಂಘ, ಕೊನೆಗೆ ಅವರ ಗುರುಗಳಾದ ನಾನು. ಎಲ್ಲರದೂ ಕೂಡಿ ಸುತ್ತು ಪೂರ್ತಿಯಾಗಿತ್ತು.

ಅವರು ಬದುಕಿಕೊಂಡರು, ದೇವರಿಗೆ ಸ್ತೋತ್ರ. ಆದರೆ ಮೊದಲಿನ ಶಕ್ತಿ ಮತ್ತೆ ಬರಲಿಲ್ಲ. ಆ ಮನೆಯಲ್ಲಿ ಒಂದು ಬದಲಾವಣೆ ಮಾತ್ರ ಬಂತು. ಅಲ್ಲಿಯವರೆಗೆ ಗಂಡಸರೆಲ್ಲ ಉಂಡ ಮೇಲೆ ಉಳಿದದ್ದನ್ನು ತಾಯಿ ಉಣ್ಣುವ ರೂಢಿ ಇತ್ತು. ಆಮೇಲೆ ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರತೊಡಗಿದರು. ಮೊದಲ ಮುದ್ದೆಯನ್ನು ಹಿರಿಯ ಮಗನೇ ಅಮ್ಮನ ತಟ್ಟೆಗೆ ಇಡುತ್ತಿದ್ದ. ನೋಡಲು ಚಿಕ್ಕ ಸಂಗತಿ. ಆದರೆ ಬೇರಿಗೆ ಊಟ ಇಳಿಯುವ ದಾರಿ ಅಲ್ಲಿಂದ ತೆರೆಯಿತು.

ಕೊಡುವುದು ಬೇರೆ, ಸುಲಿಯುವುದು ಬೇರೆ

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು: "ಪ್ರಭು ಯೇಸುವೇ ತಮ್ಮನ್ನು ಪೂರ್ತಿಯಾಗಿ ಕೊಟ್ಟುಬಿಟ್ಟರಲ್ಲ? ಕ್ರೈಸ್ತ ತಾಯಿ ತನ್ನನ್ನು ತಾನು ಸವೆಸಿಕೊಳ್ಳುವುದು ಪುಣ್ಯವಲ್ಲವೇ?" ಪ್ರಶ್ನೆ ಸರಿಯಾದದ್ದೇ. ಉತ್ತರವನ್ನು ಶುಭಸಂದೇಶದಲ್ಲೇ ನೋಡೋಣ.

ಯೇಸು ತಮ್ಮ ಪ್ರಾಣವನ್ನು ಕೊಟ್ಟರು, ನಿಜ. ಆದರೆ ಅದನ್ನು ತಮ್ಮಿಂದ ಯಾರೂ ಕಸಿದುಕೊಳ್ಳುವುದಿಲ್ಲ, ತಾವಾಗಿಯೇ ಕೊಡುತ್ತಿದ್ದೇವೆ ಎಂದು ಅವರು ಸ್ಪಷ್ಟವಾಗಿ ಹೇಳಿದ್ದನ್ನು ಸಂತ ಯೊವಾನ್ನರ 10ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅವರು ಕೊಟ್ಟದ್ದು ತಂದೆಯಿಂದ ಪಡೆದುಕೊಂಡು. ದಿನವೆಲ್ಲ ರೋಗಿಗಳನ್ನು ಗುಣಪಡಿಸಿದ ಮಾರನೆಯ ದಿನ, ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರೆಂದು ಸಂತ ಮಾರ್ಕರು ಮೊದಲನೆಯ ಅಧ್ಯಾಯದಲ್ಲೇ ಬರೆಯುತ್ತಾರೆ. ಅದು ಬೇರು ಹೊಳೆಯ ಕಡೆಗೆ ಚಾಚಿದ ಹೊತ್ತು. ಶಿಷ್ಯರಿಗೆ ಊಟಕ್ಕೂ ಬಿಡುವಿಲ್ಲದಷ್ಟು ಜನ ಮುತ್ತಿಕೊಂಡಾಗ, ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ಅವರನ್ನು ಕರೆದುಕೊಂಡು ಹೋದವರೂ ಅವರೇ. ಜನಸಂದಣಿಯಲ್ಲಿ ಒಬ್ಬ ಹೆಂಗಸು ಅವರ ಉಡುಪಿನ ಅಂಚನ್ನು ಮುಟ್ಟಿ ಗುಣ ಹೊಂದಿದಾಗ, ತಮ್ಮಿಂದ ಶಕ್ತಿ ಹೊರಟಿತೆಂದು ಯೇಸುವಿಗೆ ತಿಳಿಯಿತು. ಕೊಡುವವರಿಂದ ಏನೋ ಒಂದು ಹೊರಟುಹೋಗುತ್ತದೆ ಎಂಬುದನ್ನು ಪ್ರಭುವೇ ನಮಗೆ ತೋರಿಸಿಕೊಟ್ಟರು.

ಇನ್ನು ಶಿಲುಬೆಯ ಹಾದಿಯಲ್ಲಿ ಹತ್ತನೆಯ ಸ್ಥಳವನ್ನು ನೆನಪಿಸಿಕೊಳ್ಳಿ. ಅಲ್ಲಿ ಯೇಸುವಿನ ಬಟ್ಟೆಗಳನ್ನು ಸುಲಿದುಕೊಳ್ಳುತ್ತಾರೆ, ಸೈನಿಕರು ಹಂಚಿಕೊಳ್ಳಲು ಚೀಟಿ ಹಾಕುತ್ತಾರೆ. ಪ್ರಭು ಕೊಟ್ಟದ್ದು ಪ್ರೀತಿ. ಸೈನಿಕರು ಮಾಡಿದ್ದು ಮಾತ್ರ ಸುಲಿಗೆಯೇ. ಒಬ್ಬರು ಪ್ರೀತಿಯಿಂದ ಕೊಡುತ್ತಿದ್ದಾರೆಂಬ ಕಾರಣಕ್ಕೆ ನಾವು ಸುಲಿಯುವುದು ಪುಣ್ಯವಾಗುವುದಿಲ್ಲ. ತಾಯಿಯ ತ್ಯಾಗವನ್ನು ಹೊಗಳಿ ಹಾಡುತ್ತ, ಅವಳ ತಟ್ಟೆಯಲ್ಲಿ ಏನಿದೆ ಎಂದು ನೋಡದವರು ಆ ಸೈನಿಕರ ಪಕ್ಕದಲ್ಲಿ ಕುಳಿತವರು. ಅದೇ ಶಿಲುಬೆಯ ಮೇಲಿಂದ, ಬಾಯಾರಿಕೆಯಲ್ಲಿದ್ದ ಪ್ರಭು ತಮ್ಮ ತಾಯಿಯನ್ನು ನೋಡಿಕೊಳ್ಳುವವರು ಯಾರೆಂದು ವಿಚಾರಿಸಿ, ಪ್ರಿಯ ಶಿಷ್ಯನಿಗೆ ಒಪ್ಪಿಸಿದರು. ಸಾಯುವ ಹೊತ್ತಿನಲ್ಲಿಯೂ ಮಗ ತಾಯಿಯನ್ನು ಮರೆಯಲಿಲ್ಲ.

ಹಳೆಯ ಒಡಂಬಡಿಕೆಯ ಒಂದು ಸಣ್ಣ ಕಟ್ಟಳೆಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ದಾರಿಯಲ್ಲಿ ಹಕ್ಕಿಯ ಗೂಡು ಕಂಡರೆ ಮರಿಗಳನ್ನು ತೆಗೆದುಕೊಳ್ಳಬಹುದು, ಆದರೆ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕು. ಹಾಗೆ ಮಾಡಿದರೆ ಒಳ್ಳೆಯದಾಗುತ್ತದೆ, ಆಯಸ್ಸು ಹೆಚ್ಚುತ್ತದೆ ಎಂಬ ವಾಗ್ದಾನವೂ ಅಲ್ಲಿದೆ. ತಂದೆತಾಯಿಯನ್ನು ಗೌರವಿಸಿದವರಿಗೆ ಕೊಟ್ಟ ವಾಗ್ದಾನವೂ ಇದೇ! ತೆಗೆದುಕೊಳ್ಳಬೇಡಿ ಎಂದು ದೇವರು ಹೇಳಲಿಲ್ಲ. ಕೊಡುವ ಮೂಲವನ್ನೇ ಮುಗಿಸಬೇಡಿ ಎಂದರು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೋ ಸೀ' ಎಂಬ ಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕೆಂದು ತಿಳಿಸಿದರು. ಮರವನ್ನು ಸುಲಿಯುವ ಕೈಯೂ ಮನೆಯವರನ್ನು ಸುಲಿಯುವ ಕೈಯೂ ಒಂದೇ ಎಂಬುದನ್ನು ನಾನು ಆ ಹಳ್ಳಿಯಲ್ಲಿ ಕಲಿತೆ.

ಆ ಗುರುವಾರದ ಶುಭಸಂದೇಶ ಯಾವುದು ಗೊತ್ತೇ? ಸಿರಿವಂತ ಮತ್ತು ಲಾಜರನ ಕಥೆ. ಸಿರಿವಂತ ಲಾಜರನನ್ನು ಹೊಡೆಯಲಿಲ್ಲ, ಬಾಗಿಲಿನಿಂದ ಓಡಿಸಲೂ ಇಲ್ಲ. ದಿನವೂ ಅವನನ್ನು ದಾಟಿಕೊಂಡು ಹೋದ, ನೋಡಲಿಲ್ಲ, ಅಷ್ಟೆ. ನಮ್ಮ ಮನೆಯ ಲಾಜರ ಬಾಗಿಲ ಹೊರಗೇ ಇರಬೇಕೆಂದಿಲ್ಲ. ಕೆಲವೊಮ್ಮೆ ಅಡುಗೆಮನೆಯಲ್ಲಿ, ಎಲ್ಲರೂ ಎದ್ದ ಮೇಲೆ, ಪಾತ್ರೆಯ ತಳ ಕೆರೆದುಕೊಂಡು ಉಣ್ಣುತ್ತಿರುತ್ತಾರೆ. ಕೆಲವು ಮನೆಗಳಲ್ಲಿ ಅದು ತಾಯಿಯಾಗಿರದೆ, ಮೂರು ತಂಗಿಯರ ಮದುವೆಗೆ ಸಾಲ ತೀರಿಸುತ್ತ ತನ್ನ ಮದುವೆಯ ಮಾತೆತ್ತದ ಅಣ್ಣನಿರಬಹುದು. ದೂರದ ಗಲ್ಫ್ ದೇಶದಲ್ಲಿ ದುಡಿದು ತಿಂಗಳು ತಿಂಗಳು ಹಣ ಕಳಿಸುವ ಮಗಳಿರಬಹುದು. "ಹಣ ಬಂತು" ಎಂದು ಹೇಳಲು ಫೋನು ಮಾಡುವ ನಾವು "ಹೇಗಿದ್ದೀಯಮ್ಮ?" ಎಂದು ಕೇಳಲು ಮಾಡಿದ್ದೇವೆಯೇ?

ದಡ ಕುಸಿದ ಮೇಲೆ

ಆ ಮರದ ಕಥೆಗೆ ಇನ್ನೊಂದು ಕೊನೆಯಿದೆ. ನನಗೆ ವರ್ಗವಾಗಿ ಎಷ್ಟೋ ವರ್ಷಗಳಾಗಿದ್ದವು. 2018ರ ನೆರೆ ಇಳಿದ ಮೇಲೆ ಆ ಹಳ್ಳಿಗೆ ಹೋಗಿದ್ದೆ. ಮರವಿದ್ದ ಜಾಗವೇ ಇರಲಿಲ್ಲ. ಅಕ್ಕಪಕ್ಕದಲ್ಲಿ ಹೊಂಗೆ, ಮತ್ತಿ ನಿಂತಿದ್ದ ಕಡೆ ದಡ ಹಾಗೆಯೇ ಉಳಿದಿತ್ತು. ಬೇರು ಸತ್ತ ಕಡೆ ಮಾತ್ರ ಹೊಳೆ ಒಳನುಗ್ಗಿ, ದೇವಾಲಯದ ಜಮೀನಿನ ಜೊತೆಗೆ ಪಕ್ಕದ ಬಡವನ ತುಂಡು ಗದ್ದೆಯನ್ನೂ ತೆಗೆದುಕೊಂಡು ಹೋಗಿತ್ತು. ಅವನು ತೊಗಟೆ ಸುಲಿದವನಲ್ಲ. ಕೊಡುವವರು ಕುಸಿದರೆ ನಷ್ಟ ಸುಲಿದವರಿಗೆ ಮಾತ್ರವಲ್ಲ, ಅವರ ಆಸರೆಯಲ್ಲಿದ್ದವರಿಗೆಲ್ಲ.

ಆದರೆ ದೇವರು ಕಥೆಯನ್ನು ಅಲ್ಲಿಗೇ ನಿಲ್ಲಿಸುವವರಲ್ಲ. ಕುಸಿದ ದಡದಿಂದ ಸ್ವಲ್ಪ ಕೆಳಗೆ, ಮರಳು ಮೆಕ್ಕಲು ನಿಂತ ಕಡೆ, ಮೊಣಕಾಲೆತ್ತರದ ನಾಲ್ಕೈದು ಮತ್ತಿಸಸಿಗಳು ಎದ್ದಿದ್ದವು. ಯಾವುದೋ ಮರದ ಐದು ರೆಕ್ಕೆಯ ಕಾಯಿಗಳು ತೇಲಿಬಂದು ಅಲ್ಲಿ ಹಿಡಿದಿದ್ದವು. ಯೆಜೆಕಿಯೇಲ ಪ್ರವಾದಿ ಕಂಡ ದರ್ಶನ ನನಗೆ ನೆನಪಾಯಿತು. ದೇವಾಲಯದ ಹೊಸ್ತಿಲಿನಿಂದ ಹೊರಟ ನೀರು ಹೊಳೆಯಾಗಿ ಹರಿಯುತ್ತದೆ. ಅದರ ಎರಡೂ ದಡಗಳಲ್ಲಿ ಮರಗಳು. ಅವುಗಳ ಹಣ್ಣು ಊಟಕ್ಕೆ, ಎಲೆ ಮದ್ದಿಗೆ. ಪ್ರಕಟನಾ ಗ್ರಂಥದ ಕೊನೆಯ ಅಧ್ಯಾಯವೂ ಅದೇ ಮರವನ್ನು ತೋರಿಸುತ್ತದೆ. ಆ ಮರಗಳು ಎಂದೂ ಬಾಡುವುದಿಲ್ಲವೇಕೆ? ನೀರು ದೇವಾಲಯದಿಂದ ಬರುತ್ತದೆ, ಅದಕ್ಕೆ. ಕೊಡುವವರಿಗೆ ನೀರು ಸಿಗುವಂತೆ ಮಾಡುವುದೇ ದೇವಾಲಯದ ಕೆಲಸ. ಅವರ ಮೇಲೆ ಇನ್ನಷ್ಟು ಹೊರಿಸುವುದಲ್ಲ. ಇದನ್ನು ಗುರುವಾದ ನಾನು ತಡವಾಗಿ ಕಲಿತೆ.

ಆದ್ದರಿಂದ, ಪ್ರಿಯರೇ, ಈ ತಪಸ್ಸುಕಾಲದಲ್ಲಿ ಮೂರು ಕೆಲಸಗಳನ್ನು ಮಾಡೋಣ. ಮೊದಲನೆಯದು, ಇಂದು ರಾತ್ರಿ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಿ. ಯಾವಾಗಲೂ ಬಡಿಸುವವರಿಗೆ ಇಂದು ಬೇರೆಯವರು ಬಡಿಸಿ. ಎರಡನೆಯದು, ಕುಟುಂಬ ಪ್ರಾರ್ಥನೆಯ ಹೊತ್ತಿನಲ್ಲಿ ಮನೆಯ ಎಲ್ಲ ಕೆಲಸ ನಿಲ್ಲಲಿ. ಜಪಸರ ಹೇಳುವಾಗ ತಾಯಿಯೊಬ್ಬಳು ಒಲೆಯ ಮುಂದಿದ್ದರೆ ಆ ಪ್ರಾರ್ಥನೆಯ ನೀರು ಅವಳ ಬೇರಿಗೆ ಮುಟ್ಟುವುದಿಲ್ಲ. ಮೂರನೆಯದು, ನಿಮ್ಮ ಊರಿನಲ್ಲಿ ಹೊಳೆ, ಕೆರೆ, ಕಾಲುವೆ ಇದ್ದರೆ ಮಳೆಗಾಲ ಹಿಡಿದಾಗ ಮಕ್ಕಳ ಕೈಯಿಂದ ಒಂದು ಮತ್ತಿಸಸಿ ನೆಡಿಸಿ. ಅದು ದೊಡ್ಡದಾಗುವ ಹೊತ್ತಿಗೆ ನಾವಿರುವುದಿಲ್ಲ. ಇರಲಿ. ನಾವು ಕುಳಿತ ನೆರಳೂ ನಾವು ನೆಟ್ಟದ್ದಲ್ಲ.

ಆ ತಾಯಿ ಇಂದು ನಮ್ಮೊಡನಿಲ್ಲ. ಅವರ ಮೊಮ್ಮಕ್ಕಳ ಮನೆಯಲ್ಲಿ ಈಗಲೂ ಮೊದಲ ತುತ್ತು ಅಡುಗೆ ಮಾಡಿದವರ ತಟ್ಟೆಗೆ ಬೀಳುತ್ತದೆ. ಹಾಗೇಕೆಂದು ಆ ಮಕ್ಕಳಿಗೆ ಗೊತ್ತಿಲ್ಲ. ನಮ್ಮ ಮನೆಯ ಪದ್ಧತಿ ಎನ್ನುತ್ತಾರೆ.

ಪ್ರಾರ್ಥಿಸೋಣ: ಜೀವಜಲದ ಒಡೆಯರಾದ ಪ್ರಭುವೇ, ನಮ್ಮ ಬೇರುಗಳು ನಿಮ್ಮ ಕಡೆಗೆ ಚಾಚಲಿ. ಕೊಡುವ ಮನಸ್ಸನ್ನು ನಮಗೆ ಕೊಡಿ, ಕೊಡುವವರ ದಣಿವನ್ನು ಕಾಣುವ ಕಣ್ಣನ್ನೂ ಕೊಡಿ. ನಾವು ಅರಿಯದೆ ಸುಲಿದ ಗಾಯಗಳನ್ನು ಮನ್ನಿಸಿ ಮಾಯಿಸಿರಿ. ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಕೊನೆಯಲ್ಲಿ ಉಣ್ಣುವವರ ಬಳಿ ನೀವೇ ಕುಳಿತಿದ್ದೀರೆಂದು ನಮಗೆ ತೋರಿಸಿಕೊಡಿ. ಆಮೆನ್.